ಫ್ರಿಟ್ಜ್‌ನ ಮನೆಯ ಅಂಕಪಟ್ಟಿ

ಬೆಳಗಿನ ತಿಂಡಿಯ ಹೊತ್ತು. ಅಪ್ಪ ತಟ್ಟೆ ಮುಂದಿಟ್ಟುಕೊಂಡು ಗಂಡುಮಕ್ಕಳಿಗೆ ಅವರವರ ರ‍್ಯಾಂಕ್ ಓದಿ ಹೇಳುತ್ತಾನೆ. ಸದ್ಯ ತನಗೆ ಎಲ್ಲರಿಗಿಂತ ಇಷ್ಟ ಕೆರಿ, ಆಮೇಲೆ ಕೆವಿನ್, ಅವನ ಹಿಂದೆ ಡೇವಿಡ್, ಕೊನೆಗೆ ಮೈಕ್. ಪಟ್ಟಿ ಯಾವತ್ತು ಬೇಕಾದರೂ ಮೇಲೆ ಕೆಳಗೆ ಆಗಬಹುದು ಎಂಬ ಆಶ್ವಾಸನೆ ಬೇರೆ. ಯಾರೂ ಮುಖ ಸಿಂಡರಿಸುವುದಿಲ್ಲ, ತಮಾಷೆ ಎಂದು ನಗುವುದೂ ಇಲ್ಲ. ಹವಾಮಾನ ವರದಿ ಕೇಳಿದಷ್ಟೇ ಸಹಜವಾಗಿ ಕೇಳಿಸಿಕೊಂಡು ತಿನ್ನುತ್ತಾರೆ. ಶಾನ್ ಡರ್ಕಿನ್ ನಿರ್ದೇಶನದ ‘ದಿ ಐರನ್ ಕ್ಲಾ’ (2023) ಎರಡು ಗಂಟೆಗೂ ಮೀರಿ ಓಡುವ ಚಿತ್ರ. ಆದರೆ ಮುಂದೆ ನಡೆಯುವ ಅನಾಹುತಕ್ಕೆಲ್ಲ ಬೀಜ ಬೀಳುವುದು ಈ ಒಂದು ನಿಮಿಷದಲ್ಲೇ.

ಕಥೆ ಕಟ್ಟುಕಥೆಯಲ್ಲ. ಟೆಕ್ಸಾಸ್‌ನ ಜಾಕ್ ಆಡ್ಕಿಸನ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿಕೊಂಡಿದ್ದವನು. ಕುಸ್ತಿ ಕಣಕ್ಕೆ ಇಳಿದಾಗ ಜರ್ಮನ್ ಖಳನ ವೇಷ ತೊಟ್ಟು ಫ್ರಿಟ್ಜ್ ವಾನ್ ಎರಿಕ್ ಆದ. ಎರಡನೇ ಮಹಾಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಆ ಹೆಸರು ಕೇಳಿದರೇ ಜನ ಕೆರಳಿ ಟಿಕೆಟ್ ಕೊಳ್ಳುತ್ತಿದ್ದರು. ಎದುರಾಳಿಯ ಹಣೆಗೆ ಪಂಜ ಹಾಕಿ ಎರಡೂ ಕಣತಲೆಗಳನ್ನು ಬೆರಳುಗಳಿಂದ ಹಿಚುಕುವ ಪಟ್ಟು ಅವನ ಗುರುತು. ಚಿತ್ರದ ಹೆಸರು ಬಂದಿರುವುದು ಆ ಕಬ್ಬಿಣದ ಪಂಜದಿಂದಲೇ. ಮುಂದೆ ಅವನು ಡಲ್ಲಾಸ್‌ನಲ್ಲಿ ತನ್ನದೇ ಕುಸ್ತಿ ಕಂಪನಿ ನಡೆಸಿದ. ಮಕ್ಕಳು ಒಬ್ಬೊಬ್ಬರಾಗಿ ಅದೇ ಕಣಕ್ಕೆ ಇಳಿದರು. 1980ರ ದಶಕದ ಆರಂಭದಲ್ಲಿ ಆ ಹುಡುಗರು ಟೆಕ್ಸಾಸ್‌ನ ಮನೆಮನೆಗೂ ಗೊತ್ತು. ಆಮೇಲೆ 1984ರ ಫೆಬ್ರುವರಿಯಲ್ಲಿ ಡೇವಿಡ್ ಟೋಕಿಯೋದ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ. 1987ರಲ್ಲಿ ಮೈಕ್, 1991ರಲ್ಲಿ ಕ್ರಿಸ್, 1993ರಲ್ಲಿ ಕೆರಿ; ಈ ಮೂವರೂ ತಾವಾಗಿಯೇ ಜೀವ ಕಳೆದುಕೊಂಡರು. ಎಲ್ಲರಿಗಿಂತ ಹಿರಿಯ, ಅಪ್ಪನ ಹೆಸರನ್ನೇ ಹೊತ್ತಿದ್ದ ಜಾಕ್, ಆರನೇ ವಯಸ್ಸಿನಲ್ಲೇ ಅವಘಡಕ್ಕೆ ಬಲಿಯಾಗಿದ್ದ. ಆರು ಗಂಡುಮಕ್ಕಳಲ್ಲಿ ಉಳಿದವನು ಕೆವಿನ್ ಒಬ್ಬನೇ.

ಇಷ್ಟು ಸಾವು ಒಂದೇ ಮನೆಯಲ್ಲಾದರೆ ಊರು ಸುಮ್ಮನಿರುವುದಿಲ್ಲ. ಅಮೆರಿಕದ ಪತ್ರಿಕೆಗಳು ಇದಕ್ಕೆ ‘ವಾನ್ ಎರಿಕ್ ಶಾಪ’ ಎಂದು ಹೆಸರಿಟ್ಟವು. ಚಿತ್ರದ ಕೆವಿನ್ ಕೂಡ ಅದನ್ನು ನಂಬುತ್ತಾನೆ, ಹುಟ್ಟಿದ ಮಗುವಿಗೆ ತನ್ನ ಸೋಂಕು ತಗುಲೀತೆಂದು ದೂರ ಮಲಗುತ್ತಾನೆ. ಡರ್ಕಿನ್ ಮಾತ್ರ ನಂಬುವುದಿಲ್ಲ. ಅವರ ಮೊದಲ ಚಿತ್ರ ‘ಮಾರ್ಥಾ ಮಾರ್ಸಿ ಮೇ ಮರ್ಲೀನ್’ ಒಂದು ಪಂಥದಿಂದ ಓಡಿಬಂದ ಹುಡುಗಿಯದು. ಎರಡನೆಯದಾದ ‘ದಿ ನೆಸ್ಟ್’ ಅಪ್ಪನ ಹಣದಾಸೆಗೆ ಕುಸಿಯುವ ಸಂಸಾರದ್ದು. ಮೂರನ್ನೂ ಸಾಲಾಗಿ ನೋಡಿದವರಿಗೆ ಫ್ರಿಟ್ಜ್‌ನ ಮನೆಯ ಪರಿಚಯ ತಟ್ಟನೆ ಸಿಗುತ್ತದೆ. ಮನೆಯೂ ಪಂಥವೇ. ಗುರು ಹೇಳಿದ್ದನ್ನೇ ತನ್ನ ಆಸೆ ಅಂದುಕೊಂಡ ಶಿಷ್ಯರು ಇಲ್ಲಿಯೂ ಇದ್ದಾರೆ. ಹೋಲ್ಟ್ ಮೆಕ್ಯಾಲನಿ ಈ ಅಪ್ಪನನ್ನು ಕೂಗಾಡದೆ, ಕೈ ಎತ್ತದೆ ಅಭಿನಯಿಸಿದ್ದಾರೆ. ನನ್ನನ್ನು ಹೆದರಿಸಿದ್ದು ಆ ತಣ್ಣನೆಯ ದನಿ.

ವೃತ್ತಿಪರ ಕುಸ್ತಿಯ ಗೆಲುವು–ಸೋಲು ಮೊದಲೇ ನಿಗದಿಯಾಗಿರುತ್ತದೆ, ನಮ್ಮ ಗರಡಿಯ ಹುಡುಗರಿಗೂ ಅದು ಗೊತ್ತು. ಮುಂದೆ ಕೆವಿನ್‌ನ ಹೆಂಡತಿಯಾಗುವ ಪ್ಯಾಮ್ (ಲಿಲಿ ಜೇಮ್ಸ್) ಮೊದಲ ಭೇಟಿಯಲ್ಲೇ ಅವನನ್ನು ಇದೆಲ್ಲ ನಾಟಕವಲ್ಲವೇ ಎಂದು ಕೇಳುತ್ತಾಳೆ. ಅವನಿಗೆ ಸಿಟ್ಟು ಬರುವುದಿಲ್ಲ, ಗಲಿಬಿಲಿಯಾಗುತ್ತದೆ. ಚೆನ್ನಾಗಿ ಆಡಿದವನಿಗೆ, ಜನ ಮೆಚ್ಚಿದವನಿಗೆ ಬಡ್ತಿ ಸಿಗುತ್ತದೆ, ಪಟ್ಟ ಅಂದರೆ ಆ ಬಡ್ತಿ. ಯಾವ ನೌಕರಿಯಲ್ಲಿ ಹಾಗಿಲ್ಲ? ಅವನ ಉತ್ತರದ ಸಾರಾಂಶ ಇಷ್ಟು. ನಾನು ಕಂಡಂತೆ ಕುಸ್ತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾದ ಸಂಭಾಷಣೆ ಬೇರೆ ಚಿತ್ರದಲ್ಲಿಲ್ಲ. ಮುಂದೆ ಹಾರ್ಲಿ ರೇಸ್ ಎಂಬ ಚಾಂಪಿಯನ್ ಅದೇ ಕೆವಿನ್‌ನನ್ನು ಕಣದ ಹೊರಗಿನ ಕಾಂಕ್ರೀಟಿನ ಮೇಲೆ ಎತ್ತಿ ಒಗೆಯುತ್ತಾನೆ. ಫಲಿತಾಂಶ ಮೊದಲೇ ಬರೆದಿಟ್ಟದ್ದಾದರೂ ಕಾಂಕ್ರೀಟು ಕಾಂಕ್ರೀಟೇ. ಬೆನ್ನು ಹಿಡಿದುಕೊಂಡು ಎದ್ದು ಬಂದ ಮಗನಿಗೆ ಅಪ್ಪನ ತಕರಾರು ಒಂದೇ: ಏಳಲು ಅಷ್ಟು ಹೊತ್ತು ಯಾಕೆ ಬೇಕಾಯಿತು?

‘ದಂಗಲ್’ ನೋಡಿ ಶಿಳ್ಳೆ ಹೊಡೆದ ನಮಗೆ ಈ ಚಿತ್ರ ಕೊಂಚ ಮುಜುಗರ ತರುತ್ತದೆ. ಅಲ್ಲಿ ಪದಕ ಬಂದ ಮೇಲೆ ಅಪ್ಪನ ಹಟವೆಲ್ಲ ಸರಿಯಾಗಿಬಿಡುತ್ತದೆ. ಇಲ್ಲಿಯೂ ಪಟ್ಟ ಬರುತ್ತದೆ. 1984ರ ಮೇ 6ರಂದು ಟೆಕ್ಸಾಸ್ ಸ್ಟೇಡಿಯಂನಲ್ಲಿ, ಸತ್ತ ಅಣ್ಣ ಡೇವಿಡ್‌ನ ನೆನಪಿನ ಕೂಟದಲ್ಲಿ ಕೆರಿ ರಿಕ್ ಫ್ಲೇರ್‌ನನ್ನು ಮಣಿಸಿ ವಿಶ್ವ ಚಾಂಪಿಯನ್ ಆಗುತ್ತಾನೆ. ಹದಿನೆಂಟೇ ದಿನಕ್ಕೆ ಜಪಾನಿನಲ್ಲಿ ಅದನ್ನು ಕಳೆದುಕೊಂಡ ಎಂಬುದು ಚರಿತ್ರೆ. ಚಿತ್ರದಲ್ಲಿ ಅದೇ ರಾತ್ರಿ ಅವನು ಬೈಕ್ ಹತ್ತಿ ಕತ್ತಲಿಗೆ ನುಗ್ಗುತ್ತಾನೆ, ಮುಂದಿನ ದೃಶ್ಯದಲ್ಲಿ ಅವನ ಒಂದು ಪಾದ ಇಲ್ಲ. ನಿಜವಾದ ಅಪಘಾತ ನಡೆದದ್ದು ಎರಡು ವರ್ಷ ತಡವಾಗಿ, 1986ರ ಜೂನ್‌ನಲ್ಲಿ. ಆ ಮೇಲೆಯೂ ಕೆರಿ ಕೃತಕ ಪಾದವನ್ನು ಬೂಟಿನೊಳಗೆ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ಆಡಿದ. 1990ರಲ್ಲಿ ‘ಟೆಕ್ಸಾಸ್ ಟೊರ್ನೆಡೋ’ ಎಂಬ ಹೆಸರಿನಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂಬ ಕುಸ್ತಿ ಕಂಪನಿಯಲ್ಲೂ ಗೆದ್ದ. ಕಾಲವನ್ನು ಹೀಗೆ ಹಿಂಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಅಪಘಾತವನ್ನು ತೋರಿಸದೆ ಬಿಟ್ಟದ್ದಕ್ಕಂತೂ ಮೆಚ್ಚುಗೆಯೇ.

ಸಹೋದರರು ಜೊತೆಯಲ್ಲಿರುವ ಹೊತ್ತಿನಲ್ಲಿ ಚಿತ್ರಕ್ಕೆ ಜೀವ ತುಂಬಿ ಬರುತ್ತದೆ. ಒಬ್ಬರ ತೋಳಿಗೆ ಒಬ್ಬರು ಒರಗುವುದು, ಮೈಕ್‌ನ ಹಾಡು ಕೇಳಲು ಕದ್ದು ಹೋಗುವುದು, ಕಣದೊಳಗೆ ಹಗ್ಗ ಹಾರಿ ಒಬ್ಬನ ಬದಲು ಇನ್ನೊಬ್ಬ ನುಗ್ಗುವುದು. ಅಪ್ಪನ ಪಟ್ಟಿ ಇವರನ್ನು ಪರಸ್ಪರ ಶತ್ರುಗಳನ್ನಾಗಿ ಮಾಡಬೇಕಿತ್ತು. ಮಾಡಲಿಲ್ಲ ಎಂಬುದೇ ದುರಂತವನ್ನು ಇನ್ನಷ್ಟು ಭಾರವಾಗಿಸುತ್ತದೆ. ಕೆವಿನ್ ಪಾತ್ರದ ಝ್ಯಾಕ್ ಎಫ್ರಾನ್ ಬಂಡೆಯಂತೆ ಉಬ್ಬಿಸಿಕೊಂಡ ಮೈಯೊಳಗೆ ಅಂಜುಬುರುಕ ಹುಡುಗನೊಬ್ಬನನ್ನು ಇಟ್ಟಿದ್ದಾರೆ. ಮೈಕ್ರೊಫೋನ್ ಹಿಡಿದು ಟೀವಿ ಕ್ಯಾಮೆರಾದ ಮುಂದೆ ತೊಡೆ ತಟ್ಟಬೇಕಾದಾಗ ಕೆವಿನ್ ತೊದಲುತ್ತಾನೆ, ಮಾತುಗಾರ ಡೇವಿಡ್ ಪುಸಕ್ಕನೆ ಅವನನ್ನು ದಾಟಿಹೋಗುತ್ತಾನೆ. ಅಣ್ಣನ ಕಣ್ಣಲ್ಲಿ ಅಸೂಯೆ, ಹೆಮ್ಮೆ ಎರಡೂ. ಆಸ್ಕರ್‌ನವರು ಈ ಚಿತ್ರಕ್ಕೆ ಒಂದು ನಾಮನಿರ್ದೇಶನವನ್ನೂ ಕೊಡಲಿಲ್ಲ. ಆ ವರ್ಷದ ಅವರ ಕಣ್ಣಿನ ಡಾಕ್ಟರು ಯಾರೋ!

ತಾಯಿ ಡೋರಿಸ್ ಪಾತ್ರದ ಮೋರಾ ಟಿಯರ್ನಿಗೆ ಮಾತು ಕಡಿಮೆ. ಹುಡುಗರ ಜಗಳ ಹುಡುಗರೇ ಬಗೆಹರಿಸಿಕೊಳ್ಳಲಿ ಎಂದು ಕೆವಿನ್‌ನನ್ನು ವಾಪಸು ಕಳಿಸುವ ತಾಯಿ ಈಕೆ, ಆದ್ದರಿಂದ ಪೂರಾ ನಿರಪರಾಧಿಯೂ ಅಲ್ಲ. ಮತ್ತೊಬ್ಬ ಮಗನ ಅಂತ್ಯಕ್ರಿಯೆಗೆ ಹೊರಡುವಾಗ ಅದೇ ಕಪ್ಪು ಉಡುಪನ್ನು ಇನ್ನೊಮ್ಮೆ ಹಾಕಿಕೊಳ್ಳಲು ಅವಳಿಂದ ಆಗುವುದಿಲ್ಲ, ಜನ ಗುರುತಿಸುತ್ತಾರೆ ಎನ್ನುತ್ತಾಳೆ. ಇಷ್ಟೇ ದೃಶ್ಯ. ಗಂಡ ಅಳಬಾರದೆಂದು ಕಟ್ಟಪ್ಪಣೆ ಮಾಡಿದ ಮನೆಯಲ್ಲಿ ದುಃಖ ಹೊರಬರಲು ಉಡುಪಿನ ನೆಪ ಬೇಕಾಯಿತು.

ಈಗ ನನ್ನ ಜಗಳ. ಕಿರಿಯ ಮಗ ಕ್ರಿಸ್ ಚಿತ್ರದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಸಾವನ್ನು ಚಿತ್ರ ತಾಳಲಾರದು ಎಂಬುದು ನಿರ್ದೇಶಕರ ಸಮರ್ಥನೆ. ಲೆಕ್ಕ ಅರ್ಥವಾಗುತ್ತದೆ: ಎರಡನೆಯ ಸಾವಿಗೆ ಅಳುವ ಪ್ರೇಕ್ಷಕ ಐದನೆಯದಕ್ಕೆ ಗಡಿಯಾರ ನೋಡುತ್ತಾನೆ. ಆದರೂ ಕ್ರಿಸ್ ಸುಮ್ಮನೆ ಇನ್ನೊಂದು ಸಂಖ್ಯೆಯಲ್ಲ. ಗಿಡ್ಡ ಮೈಕಟ್ಟು, ಆಸ್ತಮಾ, ಸುಲಭವಾಗಿ ಮುರಿಯುವ ಮೂಳೆ. ಅಣ್ಣಂದಿರಂತೆ ಆಗಲು ಹಂಬಲಿಸಿ ಆಗದೆಹೋದ, ಇಪ್ಪತ್ತೆರಡು ತುಂಬುವ ಮೊದಲೇ ಹೋದ ಹುಡುಗ. ಒಲ್ಲದ ಮೈಕ್‌ನನ್ನು ಕಣಕ್ಕೆ ದೂಡಿದ್ದನ್ನು ಚಿತ್ರ ತೋರಿಸುತ್ತದೆ. ಯಾರೂ ದೂಡಬೇಕಿಲ್ಲದೆ ತಾನೇ ಓಡಿಬಂದು ಬಾಗಿಲು ತಟ್ಟಿದವನ ಕಥೆ ಅದಕ್ಕಿಂತ ಕಠಿಣ. ಅಂಕಪಟ್ಟಿಯಲ್ಲಿ ಹೆಸರು ಬರಲೆಂದೇ ಬದುಕಿದವನನ್ನು ಸಿನಿಮಾ ಕೂಡ ಪಟ್ಟಿಯಿಂದ ಬಿಟ್ಟಿತಲ್ಲ ಎಂಬ ಕಸಿವಿಸಿ ನನ್ನದು.

ಸಣ್ಣ ದೂರುಗಳೂ ಇವೆ. ರಿಕ್ ಫ್ಲೇರ್ ಪಾತ್ರಧಾರಿ ಶಾಲಾ ವಾರ್ಷಿಕೋತ್ಸವದ ಮಿಮಿಕ್ರಿಯ ಮಟ್ಟ ದಾಟುವುದಿಲ್ಲ. ಸತ್ತ ಸಹೋದರರು ನದಿಯಾಚೆ ಸೇರುವ ದೃಶ್ಯ ಕೆಲವರಿಗೆ ಅತಿಯೆನಿಸೀತು, ನಾನು ಅದಕ್ಕೆ ಶರಣಾದವನು.

ಚಿತ್ರದಲ್ಲಿ ಕೆವಿನ್ ಮಗುವಿಗೆ ವಾನ್ ಎರಿಕ್ ಬಿಟ್ಟು ಹಳೆಯ ಆಡ್ಕಿಸನ್ ಹೆಸರನ್ನೇ ಬರೆಸುತ್ತಾನೆ, ಶಾಪದ ಕೊಂಡಿ ಕಳಚಲಿ ಎಂದು. ಅಸಲಿ ಕೆವಿನ್‌ನ ಮಕ್ಕಳಾದ ರಾಸ್ ಮತ್ತು ಮಾರ್ಷಲ್ ದೊಡ್ಡವರಾಗಿ ಕುಸ್ತಿಪಟುಗಳೇ ಆದರು, ಕಣಕ್ಕಿಳಿದದ್ದು ವಾನ್ ಎರಿಕ್ ಎಂಬ ಹೆಸರಿನಲ್ಲೇ. ಡರ್ಕಿನ್ ಅದರ ಗೊಡವೆಗೆ ಹೋಗಿಲ್ಲ. ಹೋಗಿದ್ದರೆ ಕೊನೆಯ ಹತ್ತು ನಿಮಿಷವನ್ನು ಬೇರೆಯೇ ಬರೆಯಬೇಕಾಗುತ್ತಿತ್ತು.