ಎಂಜಿನ್ ನಿಲ್ಲಿಸಿ ಕಾಯಬೇಕು

ಬಿನ್ ಒಮ್ರಾನ್‌ನಲ್ಲಿ ಮನೆ ಮಾಡಿರುವ ನಮ್ಮವರಿಗೆ ಸಮುದ್ರವೆಂದರೆ ದೋಹಾದ ಕಾರ್ನಿಷ್. ಶುಕ್ರವಾರ ಸಂಜೆ ಮಕ್ಕಳೊಂದಿಗೆ ಧೋ ದೋಣಿಯಲ್ಲಿ ಒಂದು ಸುತ್ತು, ಒಂದು ಲೋಟ ಕರಕ್ ಚಹಾ, ಅಲ್ಲಿಗೆ ಮುಗಿಯಿತು. ಕತಾರಿನ ಕಡಲಿನ ನಿಜವಾದ ವೈಭವ ಇರುವುದು ದಡದಿಂದ ಸುಮಾರು 80 ಕಿಲೋಮೀಟರ್ ಆಚೆ, ಅಲ್ ಶಾಹೀನ್ ತೈಲಕ್ಷೇತ್ರದಲ್ಲಿ. ಬೇಸಿಗೆ ಬಂತೆಂದರೆ ಅಲ್ಲಿ ತಿಮಿಂಗಿಲ ಶಾರ್ಕ್‌ಗಳು ಹಿಂಡುಗಟ್ಟುತ್ತವೆ. ಕೆಲವು ದಿನ ಒಂದೇ ಕಡೆ ನೂರರಷ್ಟು.

ಬರುವುದು ಊಟಕ್ಕೆ. ಆ ತಿಂಗಳುಗಳಲ್ಲಿ ಟ್ಯೂನಾ ಜಾತಿಯ ಮೀನುಗಳು ತೈಲವೇದಿಕೆಗಳ ಸುತ್ತ ಮೊಟ್ಟೆಯಿಡುತ್ತವೆ. ಗಸಗಸೆ ಕಾಳಿನಷ್ಟು ಸಣ್ಣ ಮೊಟ್ಟೆಗಳು ನೀರಿನ ಮೇಲ್ಪದರದಲ್ಲಿ ತೇಲುತ್ತವೆ, ಅವನ್ನು ಸೋಸಿ ನುಂಗಲು ಜಗತ್ತಿನ ಅತಿದೊಡ್ಡ ಮೀನು ಬಾಯ್ದೆರೆದು ಬರುತ್ತದೆ. ಸಂಶೋಧಕರು 2013ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ವೇದಿಕೆಗಳ ಹತ್ತಿರ ಮೀನುಗಾರಿಕೆ ದೋಣಿಗಳಿಗೆ ಪ್ರವೇಶವಿಲ್ಲ. ತೈಲದ ಕಾವಲಿಗೆಂದು ಹಾಕಿದ ಬೇಲಿ ಮೀನಿಗೂ ಆಸರೆಯಾಗಿದೆ ಎಂಬುದು ನನಗೆ ಬಹಳ ಸಮಾಧಾನದ ಸಂಗತಿ.

ಡಿಸ್ಕವರ್ ಕತಾರ್ ಸಂಸ್ಥೆ 2022ರಿಂದ ಬೇಸಿಗೆಯಲ್ಲಿ ಉತ್ತರದ ಅಲ್ ರುವೈಸ್ ಬಂದರಿನಿಂದ ತಿಮಿಂಗಿಲ ಶಾರ್ಕ್ ನೋಡುವ ಯಾನ ನಡೆಸುತ್ತಿದೆ. ಹೋಗುವವರಿಗೆ ಒಂದು ಮಾತು: ತಿಮಿಂಗಿಲದ ಹಾಗೆ ಇದು ಉಸಿರಿಗೆಂದು ಮೇಲೆ ಬರುವುದಿಲ್ಲ, ನೀರು ಚಿಮ್ಮಿಸುವುದಿಲ್ಲ. ದಿಗಂತ ನೋಡುತ್ತ ಕೂತರೆ ತಪ್ಪಿಸಿಕೊಳ್ಳುತ್ತೀರಿ. ಗಾಳಿಯಿಲ್ಲದ ಬೆಳಿಗ್ಗೆ, ಬಿಸಿಲು ಬೆನ್ನಿಗಿರುವ ಕಡೆ ಕಟಕಟೆ ಹಿಡಿದು ನಿಲ್ಲಿ. ಮೊದಲು ಒಂದು ಬೂದು ಬೆನ್ನುರೆಕ್ಕೆ ಕಾಣುತ್ತದೆ. ಅದರ ಹಿಂದೆ ಸಾಕಷ್ಟು ದೂರದಲ್ಲಿ ಅತ್ತಿತ್ತ ಬಳುಕುವ ಬಾಲದ ತುದಿ. ಎರಡೂ ಒಂದೇ ಮೀನಿನವು ಎಂದು ಹೊಳೆದಾಗ ಎದೆ ಝಲ್ಲೆನ್ನುತ್ತದೆ. ಎಂಜಿನ್ ನಿಂತಿದ್ದರೆ ಅದು ತನ್ನಷ್ಟಕ್ಕೆ ಹತ್ತಿರ ಬರುತ್ತದೆ: ಅಗಲವಾದ ಚಪ್ಪಟೆ ತಲೆ, ಬಾಯಿಗೆ ನುಗ್ಗಿ ಕಿವಿರುಗಳಿಂದ ಹೊರಬೀಳುವ ನೀರು, ಬೆನ್ನ ತುಂಬ ಬಿಳಿ ಚುಕ್ಕಿ.

ಆ ಚುಕ್ಕಿಗಳನ್ನು ಸಾವಧಾನವಾಗಿ ನೋಡಬೇಕು. ಒಂದು ಮೀನಿನ ವಿನ್ಯಾಸ ಇನ್ನೊಂದಕ್ಕಿಲ್ಲ. ಖಗೋಳಶಾಸ್ತ್ರಜ್ಞರು ನಕ್ಷತ್ರಪುಂಜ ಗುರುತಿಸಲು ಬಳಸುತ್ತಿದ್ದ ಗಣಿತದ ವಿಧಾನವನ್ನೇ ಅಳವಡಿಸಿಕೊಂಡು, ಸಂಶೋಧಕರು ಫೋಟೋ ನೋಡಿ ಒಂದೊಂದು ಮೀನನ್ನೂ ಪತ್ತೆಹಚ್ಚುತ್ತಾರೆ. ಕಿವಿರುಗಳ ಹಿಂದಿನ ಪಕ್ಕೆಯ ಭಾಗ ಸ್ಪಷ್ಟವಾಗಿ ಬಂದಿರಬೇಕು, ಅಷ್ಟೇ. ಮೀನಿನ ಜೊತೆ ಸೆಲ್ಫಿ ತೆಗೆಯುವ ಕೈ ಆ ಪಕ್ಕೆಯತ್ತ ತಿರುಗಿದರೆ ವಿಜ್ಞಾನಕ್ಕೆ ಉಪಕಾರವಾದೀತು.

ಈ ಮೀನು ನಮ್ಮ ಅರಬ್ಬೀ ಸಮುದ್ರದ್ದೂ ಹೌದು. ಗುಜರಾತಿನ ತೀರದಲ್ಲಿ ಎಣ್ಣೆಗಾಗಿ, ಮಾಂಸಕ್ಕಾಗಿ ಇದನ್ನು ಕೊಲ್ಲುತ್ತಿದ್ದರು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಕರಾವಳಿಯಲ್ಲಿ ಬಲೆಗೆ ಸಿಕ್ಕರೆ ಬಲೆ ಕೊಯ್ದು ಬಿಡಬೇಕು. ಬಲೆ ಕೊಯ್ಯುವ ಮೀನುಗಾರನಿಗೆ ಅದರ ಬೆಲೆಯನ್ನು ಸರ್ಕಾರ ತಡಮಾಡದೆ ಕಟ್ಟಿಕೊಡಬೇಕು.