ಮಗಳು, ಸೊಸೆ ಮತ್ತು ಅಭ್ಯರ್ಥಿ: ಬಳ್ಳಾರಿ, 1999

1999ರ ಬಳ್ಳಾರಿ ಲೋಕಸಭಾ ಚುನಾವಣೆಯ ಪ್ರಚಾರಭಾಷೆಯನ್ನು ಒಂದು ಪಠ್ಯವಾಗಿ ಓದಬೇಕಾಗಿದೆ. ಅಲ್ಲಿ ಸೋನಿಯಾ ಗಾಂಧಿ ‘ವಿದೇಶಿ ಸೊಸೆ’, ಸುಷ್ಮಾ ಸ್ವರಾಜ್ ‘ಸ್ವದೇಶಿ ಮಗಳು’. ಸುಷ್ಮಾ ಕೇಂದ್ರ ಸಚಿವೆಯಾಗಿ, 1998ರಲ್ಲಿ ದೆಹಲಿಯ ಮುಖ್ಯಮಂತ್ರಿಯಾಗಿ ಕೆಲಸ ಮಾಡಿದ್ದವರು. ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದವರು. ಆ ಅನುಭವ, ಆ ಶ್ರಮ ಎರಡೂ ‘ಮಗಳು’ ಎಂಬ ಪದದ ಮರೆಗೆ ಸರಿದವು. ವಂಶಾಡಳಿತವನ್ನು ಪ್ರಶ್ನಿಸುವುದು ನ್ಯಾಯವೇ. ಆದರೆ ‘ಸೊಸೆ’ ಎಂಬ ಆಕ್ಷೇಪ ಅದನ್ನು ಪ್ರಶ್ನಿಸುವುದಿಲ್ಲ. ಹೆಣ್ಣಿನ ತವರು ಯಾವುದೆಂದಷ್ಟೇ ಕೇಳುತ್ತದೆ. ಮದುವೆಯಾಗಿ ಬಂದವಳು ಗಂಡನ ಮನೆಯವಳೇ ಎನ್ನುವ ಸಂಪ್ರದಾಯವೇ ಇಲ್ಲಿ ಅವಳನ್ನು ಹೊರಗಿನವಳೆಂದಿತು! ಕಾಂಗ್ರೆಸ್ಸಿಗರ ಉತ್ತರವೂ ಇಂದಿರೆಯ ಸೊಸೆ ಎಂಬಲ್ಲಿಯೇ ನಿಂತಿತು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಅವರನ್ನು ಎದುರಿಸಿದ ನಮ್ಮ ಭಾಗದ ವೀರೇಂದ್ರ ಪಾಟೀಲರನ್ನು ಅಳಿಯತನದಿಂದ ಅಳೆದ ಘೋಷಣೆ ನನ್ನ ಓದಿಗೆ ಸಿಕ್ಕಿಲ್ಲ. ಬಳ್ಳಾರಿಯಲ್ಲಿ ಗೆದ್ದ ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಈ ಕ್ಷೇತ್ರವನ್ನು ತೆರವು ಮಾಡಿದರು.