ಲಂಕೇಶನಾದ ರಾಮಭಕ್ತ

ರಾಮಾನಂದ ಸಾಗರ್ ಅವರ ‘ರಾಮಾಯಣ’ 1987-88ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ ರಾವಣನಾದವರು ಗುಜರಾತಿ ರಂಗಭೂಮಿ, ಚಿತ್ರರಂಗಗಳಲ್ಲಿ ಪಳಗಿದ ಅರವಿಂದ್ ತ್ರಿವೇದಿ. ಅವರು ಕೇಳಿಕೊಂಡು ಹೋದದ್ದು ದೋಣಿ ನಡೆಸುವ ಕೇವಟನ ಪಾತ್ರವನ್ನು. ನಡಿಗೆಯ ಗತ್ತು ನೋಡಿ ಸಾಗರ್ ಲಂಕೆಯನ್ನೇ ಕೊಟ್ಟರೆಂದು ಮುಂದೆ ನೆನೆಯುತ್ತಿದ್ದರು. ಸ್ವತಃ ರಾಮಭಕ್ತರಾದ ಅವರಿಗೆ ರಾಮನನ್ನು ಜರೆಯುವುದೇ ಕಷ್ಟ. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿ ಮರುಪ್ರಸಾರವಾದಾಗ ಸೀತಾಪಹರಣದ ದೃಶ್ಯಕ್ಕೆ ಅವರು ಟಿ.ವಿ. ಮುಂದೆ ಕೈಮುಗಿದದ್ದನ್ನು ದೇಶವೇ ಕಂಡಿತು. ನಟನೆಯಲ್ಲಿ ಮಾತ್ರ ಆ ಅಳುಕಿನ ಸುಳಿವಿಲ್ಲ: ಏರಿದ ಹುಬ್ಬು, ಗುಡುಗುವ ದನಿ, ಅಟ್ಟಹಾಸದ ನಡುವೆಯೂ ಶಿವಭಕ್ತ ಪಂಡಿತನ ಠೀವಿ. ಬರೀ ಅಬ್ಬರವಾಗಿದ್ದರೆ ಈ ರಾವಣ ಇಷ್ಟು ಕಾಲ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಟಿ.ವಿ.ಗೆ ಊದುಬತ್ತಿ ಬೆಳಗಿದ ಪ್ರೇಕ್ಷಕರು ನಟನನ್ನೇನೂ ದ್ವೇಷಿಸಲಿಲ್ಲ, 1991ರಲ್ಲಿ ಗುಜರಾತಿನ ಸಾಬರಕಾಂಠಾ ಮತದಾರರು ಲಂಕಾಧಿಪತಿಯನ್ನು (ಅದೂ ಬಿಜೆಪಿಯಿಂದ!) ಲೋಕಸಭೆಗೆ ಕಳಿಸಿದರು.